ಜಗದೇವನ ಮಷೀನು

ಇಜೇರಿ, ತಾ. ಜೇವರ್ಗಿ
೧೮ ನವೆಂಬರ್ ೨೦೨೪, ಸೋಮವಾರ

ಪ್ರೀತಿಯ ಅಣ್ಣಾ,

ಹೇಗಿದ್ದೀಯಾ? ಪುಣೆಯಲ್ಲಿ ಆಗಲೇ ಚಳಿ ಬಿದ್ದಿದೆ ಎಂದು ಅವ್ವ ಹೇಳಿದಳು. ಊಟ ಸರಿಯಾಗಿ ಆಗುತ್ತಿದೆಯಾ? ಗಂಟಲು ಹೇಗಿದೆ? ಹೋದ ವಾರ ಫೋನಿನಲ್ಲಿ ನೀನು ಎರಡು ಸಲ ಕೆಮ್ಮಿದೆ. ಅವ್ವ ಗಾಬರಿಯಾದಳು. ನಾನು ಆಗಲಿಲ್ಲ. ನಿಜ ಹೇಳಬೇಕೆಂದರೆ ಸ್ವಲ್ಪ ಖುಷಿಯಾಯಿತು, ಆಮೇಲೆ ನಾಚಿಕೆಯಾಯಿತು. ಎರಡನ್ನೂ ಬರೆದಿದ್ದೇನೆ, ಯಾವುದು ಬೇಕೋ ಅದನ್ನು ಇಟ್ಟುಕೋ. ಇಲ್ಲಿ ಅವ್ವ ಅರಾಮ ಇದ್ದಾಳೆ. ಮೊಣಕಾಲು ನೋವು ಇದ್ದದ್ದೇ, ಆದರೂ ದಿನಾ ಹತ್ತಿ ಬಿಡಿಸಲು ಹೋಗುತ್ತಾಳೆ. ಬೇಡವೆಂದರೆ ಕೇಳುವುದಿಲ್ಲ. ನೀನು ಬೇಡವೆಂದರೆ ಕೇಳುತ್ತಾಳೆ, ಒಂದು ಮಾತು ಹೇಳು.

ಒಂಬತ್ತನೆಯ ತರಗತಿಗೆ ಶಾಲೆ ಬಿಟ್ಟವನು ಪತ್ರ ಬರೆಯುತ್ತಿದ್ದಾನೆಂದು ನಗಬೇಡ. ಮನೆಯಲ್ಲಿರುವುದು ಒಂದೇ ಫೋನು, ಅದು ಅವ್ವನ ಹತ್ತಿರ ಇರುತ್ತದೆ. ನಿನ್ನ ಕರೆ ಬಂದರೆ ಸ್ಪೀಕರ್ ಹಾಕುತ್ತಾಳೆ, ಓಣಿಯೆಲ್ಲ ಕೇಳಬೇಕು. ಮೆಸೇಜು ಬಂದರೆ ಪಕ್ಕದ ಮನೆಯ ಶಿವಕಾಂತಾ ಗಟ್ಟಿಯಾಗಿ ಓದಿ ಹೇಳುತ್ತಾಳೆ. ನನ್ನ ಮಾತು ಹಾಗೆ ಓದಿಸುವಂಥದ್ದಲ್ಲ. ನಾಳೆ ನಮ್ಮ ಓಣಿಯ ಅಮೀರ ಕೆಲಸಕ್ಕೆಂದು ಪುಣೆಗೆ ಹೊರಟಿದ್ದಾನೆ, ಅವನ ಕೈಯಲ್ಲಿ ಕೊಟ್ಟು ಕಳಿಸುತ್ತೇನೆ.

ಮಷೀನಿನ ಸುದ್ದಿ. ಯುಗಾದಿಗೆ ನೀನು ತಂದುಕೊಟ್ಟ ಬ್ಲೂ-ರೇ ಪ್ಲೇಯರು ದಸರೆಯ ಮರುದಿನದಿಂದ ಕೆಟ್ಟಿತ್ತಲ್ಲ, ಮೊನ್ನೆ ಶನಿವಾರ ಸರಿಯಾಯಿತು. ಅದು ನಿನ್ನ ಮಾಲೀಕರು ಬಳಸಿ ಬಿಟ್ಟದ್ದು. ಆದರೂ ಇಲ್ಲಿ ಎಲ್ಲರ ಬಾಯಲ್ಲಿ ಅದು ‘ಜಗದೇವನ ಮಷೀನು’. ಅದನ್ನು ಜೋಡಿಸಿರುವ ಟಿವಿ ತಂದವನು ನಾನು, ಎರಡು ಹಂಗಾಮು ಕೂಲಿ ಮಾಡಿ. ಅದನ್ನು ಒಬ್ಬರೂ ಮಾಳಿಂಗನ ಟಿವಿ ಎಂದು ಕರೆದದ್ದು ನನಗೆ ಗೊತ್ತಿಲ್ಲ. ಆ ಮಷೀನಿನಲ್ಲಿ ನಾವು ನೋಡುವುದು ಒಂದೇ ಡಿಸ್ಕು, ಅಪ್ಪ ಸೊನ್ನದಲ್ಲಿ ಆಳಂದದ ಮೇಳದವರ ಎದುರು ಪೈಪೋಟಿಗೆ ನಿಂತು ಡೊಳ್ಳಿನ ಪದ ಹಾಡಿದ್ದು. ಹನ್ನೆರಡು ವರ್ಷದ ಹಿಂದಿನ ಡಿವಿಡಿ. ಅದರಲ್ಲಿ ಅಪ್ಪನ ಮಗ್ಗುಲಲ್ಲಿ ತಾಳ ಹಿಡಿದು ನಿಂತವನು ನೀನು. ನಾನೂ ಇದ್ದೇನಂತೆ. ಜ್ವರ ಬಂದಿತ್ತೆಂದು ಅಪ್ಪ ತನ್ನ ಕಂಬಳಿ ಹೊದಿಸಿ ಡೊಳ್ಳಿನವರ ಹಿಂದೆ ಮಲಗಿಸಿದ್ದನಂತೆ. ಬಂದವರಿಗೆಲ್ಲ ಅವ್ವ ನಿನ್ನನ್ನು ಬೆರಳು ಮಾಡಿ ತೋರಿಸುತ್ತಾಳೆ, ಆಮೇಲೆ ನೆನಪಾದರೆ, ‘ಅಕಾ, ಅಲ್ಲಿ ಕರ‍್ರಗ ಗುಂಪಿ ಕಾಣ್ತದಲ್ಲ, ಅಂವ ನಮ್ಮ ಮಾಳ್ಯಾ’ ಎನ್ನುತ್ತಾಳೆ. ಆ ಡಿಸ್ಕಿನಲ್ಲಿ ನಾನು ಒಂದು ಕಂಬಳಿಯ ಗುಪ್ಪೆ.

ಎಳ್ಳಮಾಸಿ ಹಬ್ಬದ ಮರುದಿನ ಅದೇ ಆಳಂದದ ಮೇಳ ನಮ್ಮೂರಿಗೆ ಬರುತ್ತಿದೆ. ಅಪ್ಪ ತೀರಿಕೊಂಡ ಮೇಲೆ ನಮ್ಮವರು ಹಾಡುತ್ತಿರುವುದು ಇದೇ ಮೊದಲು. ಅಪ್ಪ ಕಟ್ಟಿದ, ಡಿಸ್ಕಿನಲ್ಲಿರುವ ಆ ಹೊಳೆಯ ಪದವನ್ನೇ ಹಾಡಬೇಕೆಂದು ನಮ್ಮ ಮೇಳದ ಹಿರಿಯ ಗುರುಶಾಂತ ಕಾಕಾ ನಿರ್ಧರಿಸಿದ. ಯಾರು ಹಾಡಬೇಕು ಎಂಬ ಮಾತೇ ಬರಲಿಲ್ಲ. ‘ಜಗದೇವಗ ರಜಾ ಹಾಕಾಕ ಹೇಳ್ರಿ ವೈನಿ, ಅಮೋಘಸಿದ್ದನ ದನಿ ಅವನ ಗಂಟಲದಾಗೇ ಅದ’ ಎಂದು ಅವ್ವನೆದುರು ಅಪ್ಪನ ಹೆಸರೆತ್ತಿ ಹೇಳಿ, ಚಹಾ ಕುಡಿದು ಹೋದ. ಆ ಚಹಾ ಮಾಡಿಕೊಟ್ಟವನು ನಾನು. ಅಪ್ಪನ ಗಂಟಲನ್ನು ನಿನಗೆ ಯಾವಾಗ ಪಾಲು ಮಾಡಿ ಕೊಟ್ಟರು, ಆಗ ನಾನು ಎಲ್ಲಿದ್ದೆ? ಕಂಬಳಿಯ ಕೆಳಗೆ ಇದ್ದಿರಬೇಕು.

ಅದಿರಲಿ. ಮಷೀನಿಗೆ ಆದದ್ದು ಏನೆಂದರೆ, ಡಿಸ್ಕು ಹಾಕಿದರೆ ಕೆಲವೊಮ್ಮೆ ‘ಡಿಸ್ಕ್ ಇಲ್ಲ’ ಎಂದು ತೋರಿಸುವುದು. ಕೆಲವೊಮ್ಮೆ ಶುರುವಾಗಿ, ಐದು ನಿಮಿಷಕ್ಕೋ ಇಪ್ಪತ್ತು ನಿಮಿಷಕ್ಕೋ ಅಪ್ಪನ ಮುಖ ಚೌಕ ಚೌಕವಾಗಿ ಒಡೆದು, ದನಿ ತೊದಲಿ, ನಿಂತುಬಿಡುವುದು. ನೀನು ಫೋನಿನಲ್ಲಿ ಒಂದೊಂದೇ ಉಪಾಯ ಹೇಳುತ್ತ ಹೋದೆ. ಪ್ಲಗ್ ಕಿತ್ತು ಹತ್ತು ನಿಮಿಷ ಬಿಡಬೇಕು. ಬಿಟ್ಟೆ. ಹೆಸರು ಬರೆದ ಕಡೆ ಮೇಲಕ್ಕಿದೆಯೇ ನೋಡಬೇಕು. ನಾನೇನು ಅಷ್ಟು ದಡ್ಡನಾ? ಆದರೂ ನೋಡಿದೆ. ಟಿವಿಗೆ ಹೋಗುವ ವೈರು ಬಿಚ್ಚಿ ಮತ್ತೆ ಹಾಕಬೇಕು. ಹಾಕಿದೆ. ಡಿಸ್ಕು ಒರೆಸಬೇಕು. ಒರೆಸಿದೆ. ಹೇಗೆ ಒರೆಸಿದೆ ಎಂಬುದನ್ನು ಕೊನೆಯಲ್ಲಿ ಬರೆಯುತ್ತೇನೆ, ಈಗ ಕೈ ಓಡುತ್ತಿಲ್ಲ. ಪ್ರತಿ ಸಲವೂ ಅವ್ವ ನನ್ನ ಹಿಂದೆ ನಿಂತು, ‘ಜಗ್ಗೂ ಹೇಳ್ಯಾನಲ್ಲ, ಹಂಗೇ ಮಾಡಲೇ. ನಿನ್ನ ಶಾಣ್ಯಾತನ ಮಾಡಬ್ಯಾಡ’ ಎನ್ನುತ್ತಿದ್ದಳು.

ಯಾವುದರಿಂದಲೂ ಸರಿಯಾಗಲಿಲ್ಲ. ಕಡೆಗೆ ನಾನು ಸೋದರಮಾವನ ಲಗ್ನದ ಡಿಸ್ಕು ತಂದು ಹಾಕಿ ನೋಡಿದೆ. ಅದೂ ಹಾಗೇ ನಿಂತಿತು. ಅವರ ಮನೆಯ ಹಳೆಯ ಪ್ಲೇಯರಿನಲ್ಲಿ ಅದೇ ಡಿಸ್ಕು ಚೆನ್ನಾಗಿ ಓಡುತ್ತದೆ. ಅಂದರೆ ರೋಗ ಡಿಸ್ಕಿನದಲ್ಲ, ಮಷೀನಿನ ಹೊಟ್ಟೆಯೊಳಗಿನದು. ಇದನ್ನು ನೀನು ಹೇಳಿರಲಿಲ್ಲ, ನಾನೇ ಯೋಚಿಸಿದ್ದು. ನಿನ್ನ ಐಟಿಐ ಸರ್ಟಿಫಿಕೇಟಿನ ಫೋಟೊ ಟಿವಿಯ ಮೇಲೆಯೇ ತೂಗುತ್ತಿದೆಯಲ್ಲ, ಅದನ್ನು ಒಂದು ಸಲ ನೋಡಿ ಮಷೀನನ್ನು ಚೀಲಕ್ಕೆ ಹಾಕಿಕೊಂಡು ಜೇವರ್ಗಿಗೆ ಹೊರಟೆ.

ಬಸ್ ಸ್ಟ್ಯಾಂಡಿನ ಹತ್ತಿರ ಶರಫುದ್ದೀನ ಚಾಚಾನ ರಿಪೇರಿ ಅಂಗಡಿಯಲ್ಲಿ ನಾನು ಎರಡು ತಿಂಗಳು ಕೆಲಸಕ್ಕಿದ್ದೆ, ಬಿಟ್ಟೆ. ಟ್ರ್ಯಾಕ್ಟರ್ ಗ್ಯಾರೇಜೂ ಬಿಟ್ಟೆ. ಒಂದು ಕಡೆ ಕೂರುವುದಿಲ್ಲ ಎಂದು ನೀನು ಬೈಯುತ್ತೀ, ಅದು ಸರಿಯೇ. ಚಾಚಾ ಮಷೀನನ್ನು ಬಿಚ್ಚಿಯೂ ನೋಡಲಿಲ್ಲ. ‘ಲೇಸರ್ ಖತಮ್ ಆಗ್ಯಾದಪಾ. ಈಗಿನ ಕಾಲದಾಗ ಡಿಸ್ಕ್ ಯಾರು ನೋಡ್ತಾರ, ಮೊಬೈಲ್ನಾಗ ನೋಡ್ರಿ’ ಎಂದ. ನಾನು ಅವನ ಸ್ಕ್ರೂಡ್ರೈವರನ್ನೇ ಎತ್ತಿಕೊಂಡು ಅವನ ಟೇಬಲ್ಲಿನ ಮೇಲೆಯೇ ಮುಚ್ಚಳ ಬಿಚ್ಚಿದೆ. ಅಣ್ಣಾ, ಒಳಗೆಲ್ಲ ಹಳದಿ. ಡಿಸ್ಕಿನ ತಟ್ಟೆ, ಅದರ ಕೆಳಗಿನ ಹಲ್ಲುಗಳು, ಕಡಲೆಬೇಳೆಯಷ್ಟು ದೊಡ್ಡ ಆ ಗಾಜಿನ ಕಣ್ಣು, ಎಲ್ಲದರ ಮೇಲೆ ಭಂಡಾರದ ಅರಿಶಿನ ಪುಡಿ. ಆಯುಧಪೂಜೆಯ ದಿನ ಅವ್ವ ಕುಡಗೋಲು, ಹೊಲಿಗೆ ಯಂತ್ರ, ಟಿವಿ ಎಲ್ಲಕ್ಕೂ ಭಂಡಾರ ಹಚ್ಚಿದಳಲ್ಲ, ನಿನ್ನ ಮಷೀನಿನ ಮೇಲೆ ವಿಶೇಷ ಪ್ರೀತಿಯೆಂದು ತಟ್ಟೆ ಹೊರಗೆ ಎಳೆಸಿ ಒಳಗೂ ಒಂದು ಮುಷ್ಟಿ ತೂರಿದ್ದಳು. ಚಾಚಾ ಬಗ್ಗಿ ನೋಡಿ, ‘ಅರೇ ಮಾಳಿಂಗ, ಮಷೀನಿಗಿ ಹಳದಿ ಹಚ್ಚೀರಿ! ಲಗ್ನ ಯಾವಾಗ, ದಾವತ್ ನಮಗೂ ಅದನೋ ಇಲ್ಲೋ?’ ಎಂದು ಅಂಗಡಿ ತುಂಬ ನಕ್ಕ. ನಾನು ಹತ್ತಿಯ ತುದಿಗೆ ಸ್ಪಿರಿಟ್ ಹಚ್ಚಿ ಆ ಕಣ್ಣನ್ನು ಮೆಲ್ಲಗೆ, ಉಸಿರು ಹಿಡಿದು ಒರೆಸಿದೆ. ಲಗ್ನದ ಡಿಸ್ಕು ಮೊದಲಿನಿಂದ ಕೊನೆಯವರೆಗೆ ಓಡಿತು. ಚಾಚಾ ನಗುವುದು ಬಿಟ್ಟು, ‘ಮತ್ತ ಕೆಲಸಕ್ಕ ಬಾ’ ಎಂದ. ಹೋಗುತ್ತೇನೋ ಇಲ್ಲವೋ ಇನ್ನೂ ಗೊತ್ತಿಲ್ಲ.

ಅವ್ವನಿಗೆ ಕಾರಣ ಹೇಳಿದೆ. ‘ಭಂಡಾರದಿಂದ ಮಂದಿ ಉದ್ಧಾರ ಆಗ್ಯಾರ, ನಿನ್ನ ಮಷೀನ್ ಯಾಕ ಕೆಡ್ತದ?’ ಎಂದಳು. ಕೆಟ್ಟದ್ದಕ್ಕೆ ಮಾತ್ರ ಅದು ನನ್ನ ಮಷೀನು. ಆಮೇಲೆ ನಿನಗೆ ಫೋನು ಹಚ್ಚಿದಳು. ‘ನೀ ಹೇಳ್ದಂಗ ಮಾಡ್ದ ನೋಡಪಾ ಜಗ್ಗೂ, ಸುರು ಆತು. ಪುಣೆದಾಗ ಕುಂತು ಇಲ್ಲಿ ರಿಪೇರಿ ಮಾಡ್ದಿ.’ ನೀನು ‘ಹೂಂ ಅವ್ವಾ’ ಎಂದೆ. ನಾನು ಅಲ್ಲೇ ನಿಂತಿದ್ದೆ, ನನ್ನ ಉಗುರುಗಳಲ್ಲಿ ಇನ್ನೂ ಹಳದಿ ಇತ್ತು. ಆ ‘ಹೂಂ’ ನನಗೆ ಬಹಳ ದಿನ ನೆನಪಿರುತ್ತದೆ.

ಈಗ ನಿನಗೆ ಗೊತ್ತಿಲ್ಲದ ಸಂಗತಿ. ಈ ಮಷೀನು ನಿಂತರೆ ನಿಂತ ಜಾಗವನ್ನು ಮರೆಯುತ್ತದೆ, ಮತ್ತೆ ಮೊದಲಿನಿಂದಲೇ ಹಾಕಬೇಕು. ಒಂದು ತಿಂಗಳು, ದಿನಕ್ಕೆ ಏಳೆಂಟು ಸಲ, ಸರಿಯಾಯಿತೇ ಎಂದು ನೋಡಲು ಅಪ್ಪನ ಪದವನ್ನು ಮೊದಲಿನಿಂದ ಹಾಕಿದ್ದೇನೆ. ಎಲ್ಲಿ ಉಸಿರು ತೆಗೆದುಕೊಳ್ಳುತ್ತಾನೆ, ಯಾವ ಮಾತಿಗೆ ಎಡಗೈ ಕಿವಿಗೆ ಹೋಗುತ್ತದೆ, ಎಲ್ಲ ನನಗೆ ಬರುತ್ತದೆ. ಕಲಿಯಬೇಕೆಂದು ಕಲಿತದ್ದಲ್ಲ. ಹೋದ ಬುಧವಾರ ಕುರಿಹಟ್ಟಿಯಲ್ಲಿ ಹಾಡಿಕೊಳ್ಳುತ್ತಿದ್ದೆ. ಕುರುಬ ಹೊಳೆ ದಾಟಲು ಬರುತ್ತಾನೆ, ಹೊಳೆ ಮೂರು ಪ್ರಶ್ನೆ ಕೇಳುತ್ತದಲ್ಲ. ‘ನಾ ತೋಯಿಸಲಾರದ್ದು ಏನ ತಂದಿ?’ ಎಂದರೆ ‘ಬಾಯಾಗಿನ ಹಾಡ ತಂದೀನಿ’. ‘ನಾ ಒಯ್ದರ ನೀ ಅಳಲಾರದ್ದು ಏನದ?’ ಎಂದರೆ ‘ಕಾಲಾಗಿನ ಧೂಳದ’. ಅಷ್ಟು ಹಾಡಿ ತಿರುಗಿದರೆ ಗುರುಶಾಂತ ಕಾಕಾ ಗೋಡೆಯ ಆಚೆ ನಿಂತಿದ್ದ. ಗೋಡೆ ಬಳಸಿ ಹಟ್ಟಿಯೊಳಗೆ ಬಂದ. ಆಮೇಲೆ, ‘ಯಾರಲೇ ಕಲಿಸ್ದವರು?’ ಎಂದ. ಮಷೀನು ಎಂದೆ. ‘ಪೂರಾ ಪದ ಬಂದ್ರ ನೀನೇ ನಿಂದ್ರು. ಬರಲಿಲ್ಲಂದ್ರ ಜಗದೇವಗ ಬರಾಕ ಹೇಳ್ತೇನಿ. ಮುಂದಿನ ಐತವಾರ ಮೇಳದವರು ನಿಮ್ಮ ಮನಿಗೆ ಬರ್ತೇವಿ, ಡಿಸ್ಕ್ ನೋಡೋಣು, ನಿನ್ನ ಹಾಡೂ ಕೇಳೋಣು’ ಎಂದ.

ಆದ್ದರಿಂದ ಅಣ್ಣಾ, ನೀನು ರಜೆ ಹಾಕಬೇಡ. ಬಂದರೆ ಅವ್ವನಿಗೆ ಖುಷಿಯಾಗುತ್ತದೆ, ಊರಿಗೆ ಖುಷಿಯಾಗುತ್ತದೆ. ನನಗೆ ಆಗುವುದಿಲ್ಲ. ನಿನಗೆ ಕೆಲಸ ಇದೆ, ಸರ್ಟಿಫಿಕೇಟು ಇದೆ, ಅವ್ವನ ಸ್ಪೀಕರ್ ಇದೆ. ಈ ಒಂದು ಪದ ನನಗಿರಲಿ.

ಹಾಂ, ಶನಿವಾರ ಸಂಜೆ ಓಣಿಯವರೆಲ್ಲ ನೋಡಲು ಕೂತಿದ್ದರು. ಮೂರನೆಯ ಪ್ರಶ್ನೆ ಬರುವ ಮೊದಲೇ ನಾನು ಎದ್ದು ಮಷೀನು ಆರಿಸಿದೆ. ‘ಜಗ್ಗೂನ ಮಾರಿ ಕಾಣ್ತದಂತ ಆರಿಸ್ದಿ ಏನಲೇ, ಹೊಟ್ಟಿಕಿಚ್ಚಿನವನೇ’ ಎಂದು ಅವ್ವ ಎಲ್ಲರೆದುರು ಬೈದಳು. ನಾನು ಡಿಸ್ಕು ತೆಗೆದು ಡಬ್ಬಿಗೆ ಹಾಕಿದೆ.

ಅವ್ವ ನಿನಗೆ ಖಾರದ ಪುಡಿ, ಶೇಂಗಾ ಹಿಂಡಿ ಕಟ್ಟಿಕೊಟ್ಟಿದ್ದಾಳೆ, ಅಮೀರನಿಂದ ಇಸಿದುಕೋ. ಅದರಲ್ಲಿ ನಾನು ಒಂದು ಹಿಡಿ ತೆಗೆದಿಟ್ಟುಕೊಂಡಿದ್ದೇನೆ, ತೂಕ ಕಡಿಮೆ ಕಂಡರೆ ಅವನನ್ನು ಅನುಮಾನಿಸಬೇಡ. ಚಳಿಯಲ್ಲಿ ಕಿವಿ ಮುಚ್ಚಿಕೊಂಡು ಓಡಾಡು. ನಿನ್ನ ಗಂಟಲು ನಿಜವಾಗಿಯೂ ನೆಟ್ಟಗಿರಲಿ, ದೂರದಲ್ಲಿ. ನೀನು ದೊಡ್ಡವನು, ನಮಸ್ಕಾರ ಮಾಡುತ್ತೇನೆ.

ನಿನ್ನ ತಮ್ಮ
ಮಾಳಿಂಗ

ಬೆಳಗಾಯಿತು, ಅಮೀರ ಬಾಗಿಲಲ್ಲಿ ನಿಂತು ಕೂಗುತ್ತಿದ್ದಾನೆ, ಇದನ್ನು ಬೇಗ ಬರೆಯುತ್ತೇನೆ. ಡಿಸ್ಕನ್ನು ಮೆತ್ತನೆಯ ಅರಿವೆಯಿಂದ ನಡುವಿನಿಂದ ಅಂಚಿಗೆ ಒರೆಸಬೇಕು, ಸುತ್ತ ಸುತ್ತ ತಿಕ್ಕಬಾರದು ಎಂದು ನೀನು ಹೇಳಿದ್ದೆ. ನೀನು ಹೇಳಿದ್ದೆಂದೇ ನಾನು ಹಾಗೆ ಮಾಡಲಿಲ್ಲ. ಗೋಡೆಗೆ ತೂಗಿದ್ದ ಅಪ್ಪನ ಕಂಬಳಿ ಇಳಿಸಿ ಅದರಿಂದ ಸುತ್ತ ಸುತ್ತ ತಿಕ್ಕಿದೆ. ಉಣ್ಣೆ ಬಹಳ ಒರಟು. ಡಿಸ್ಕಿನ ಅಂಚಿನಲ್ಲಿ ಬಳೆಯ ಹಾಗೆ ಗೀರುಗಳು ಬಿದ್ದಿವೆ. ಮಷೀನಿನ ಕಣ್ಣು ಸರಿಯಾದ ಮೇಲೂ ಅಪ್ಪನ ಡಿಸ್ಕು ಮಾತ್ರ ಮೂರನೆಯ ಪ್ರಶ್ನೆಯ ಹತ್ತಿರ ನಿಲ್ಲುತ್ತದೆ, ಮುಂದೆ ಹೋಗುವುದಿಲ್ಲ. ಶನಿವಾರ ಆರಿಸಿದ್ದು ಅದಕ್ಕೇ. ನಿನ್ನೆ ಅಫಜಲಪುರಕ್ಕೆ ಹೋಗಿ ಅಂದು ಶೂಟಿಂಗ್ ಮಾಡಿದ ಮೌಲಾಲಿಯನ್ನು ಹುಡುಕಿದೆ. ಅವನ ಆ ಕಂಪ್ಯೂಟರು ಗುಜರಿಗೆ ಹೋಗಿದೆಯಂತೆ. ಕಾಕಾನಿಗೆ ಕೊನೆಯ ನುಡಿಗೆ ಮಂದಿ ಕೇಕೆ ಹಾಕಿದ್ದು ನೆನಪಿದೆ, ಮಾತು ನೆನಪಿಲ್ಲ. ಅವ್ವನಿಗೆ ಬರುತ್ತದೆ, ಆದರೆ ಯಾಕೆ ಎಂದು ಕೇಳುತ್ತಾಳೆ, ನನಗೆ ಸುಳ್ಳು ಬರುವುದಿಲ್ಲ. ಡಿಸ್ಕು ಕೆಟ್ಟದ್ದು ಬರುವ ಐತವಾರ ಹೇಗೂ ಎಲ್ಲರಿಗೂ ಗೊತ್ತಾಗುತ್ತದೆ, ಮೊದಲು ನಾನೇ ಹೇಳುತ್ತೇನೆ. ಆ ಕೊನೆಯ ನುಡಿಯನ್ನು ನಾನು ಒಮ್ಮೆಯೂ ಕೇಳಿಲ್ಲ ಅಣ್ಣಾ. ಅಲ್ಲಿ ಕ್ಯಾಮೆರಾ ನಿನ್ನ ಕಡೆ ತಿರುಗುತ್ತದೆ, ಎಲ್ಲರೂ ಜಗದೇವ ಜಗದೇವ ಎನ್ನುತ್ತಾರೆ. ಅದಕ್ಕೆ ಪ್ರತಿ ಸಲ ಅಷ್ಟೊತ್ತಿಗೆ ಎದ್ದು ಹೊರಗೆ ಹೋಗುತ್ತಿದ್ದೆ. ಯುಗಾದಿಗೆ ಬಂದಾಗ ನೀನು ಬಚ್ಚಲಲ್ಲಿ ಅದನ್ನು ಗುನುಗುತ್ತಿದ್ದೆ, ಆಗಲೂ ಕಿವಿ ಮುಚ್ಚಿಕೊಂಡೆ. ಹೊಳೆ ಮೂರನೆಯದಾಗಿ ‘ಈ ದಂಡಿಗೆ ಯಾರನ್ನ ಬಿಟ್ಟು ಹೊಂಟಿ?’ ಎಂದು ಕೇಳುತ್ತದೆ. ದಂಡೆಯಲ್ಲಿ ನಿಂತ ಕುರುಬ ಏನು ಹೇಳುತ್ತಾನೆ? ಅಮೀರನ ಫೋನಿನಲ್ಲಿ ಶರಫುದ್ದೀನ ಚಾಚಾನ ನಂಬರಿದೆ, ಅಂಗಡಿಗೆ ಫೋನು ಹಚ್ಚು, ಶನಿವಾರ ಇಡೀ ದಿನ ನಾನು ಅಲ್ಲೇ ಇರುತ್ತೇನೆ. ಹಾಡಿಯೇ ಹೇಳು, ಈ ಸಲ ಕೊನೆಯವರೆಗೂ ಕೇಳುತ್ತೇನೆ.