ಸಪ್ಪಲಮ್ಮನ ವೀಳ್ಯ

ಕೆಂಪಾಪುರ
14 ಮಾರ್ಚ್ 2025

ಸರಳಾಗೆ,

ವಸ್ತುಗಳನ್ನು ಕಾಯುವವರು ಮಾತು ಕೊಡಬಾರದು ಎಂದೋ, ಮಾತು ಕೊಡುವವರ ಕೈಗೆ ವಸ್ತುಗಳನ್ನು ಕೊಡಬಾರದು ಎಂದೋ ನೀನು ಒಮ್ಮೆ ಅಂದಿದ್ದೆ. ಎರಡರಲ್ಲಿ ಯಾವುದೆಂದು ಈಗ ನೆನಪಾಗುತ್ತಿಲ್ಲ. ಯಾವುದಾದರೂ ನನ್ನನ್ನು ಕುರಿತೇ ಇದ್ದಿರಬೇಕು. ಮೊನ್ನೆಯಿಂದ ಆ ಮಾತು ತಲೆಯಲ್ಲಿ ಸುತ್ತುತ್ತಿದೆ, ಏಕೆಂದರೆ ಕೋಗಿಲಿನಲ್ಲಿ ಒಂದು ಮಾತು ಕೊಟ್ಟು ಬಂದಿದ್ದೇನೆ. ನಡೆಸಬೇಕಾದವಳು ನೀನು.

ಫೋನಿನಲ್ಲಿ ಹೇಳಬಹುದಿತ್ತು. ಬೇರೆ ಬೇರೆ ಮನೆ ಮಾಡಿದ ಮೇಲೆ ನಾವು ಫೋನಿನಲ್ಲಿ ಗ್ಯಾಸು, ಮನೆ ಕಂದಾಯ ಇಂಥವನ್ನು ಬಿಟ್ಟು ಬೇರೇನೂ ಆಡಿಲ್ಲ. ವಾಟ್ಸಾಪಿನಲ್ಲಿ ಬರೆದರೆ ನೀನು ಒಂದು ಹೆಬ್ಬೆರಳು ಕಳಿಸುತ್ತೀಯ. ಅದು ಒಪ್ಪಿಗೆಯೋ, ಇನ್ನು ಸಾಕು ಎಂಬ ಸೂಚನೆಯೋ ನನಗೆ ಎಂದೂ ತಿಳಿದಿಲ್ಲ.

ವಿಷಯ ಆ ಊರಿನ ದೇವತೆ ಸಪ್ಪಲಮ್ಮನದು. ನಿನ್ನ ಸಂಗ್ರಹಾಲಯದ ಒಳಕೋಣೆಯಲ್ಲಿ, ಗಾಜಿನ ಪೆಟ್ಟಿಗೆಯೊಳಗೆ ನಿಂತಿರುವ, ಕೈಗೂಸಿನಷ್ಟು ಎತ್ತರದ ಮರದ ವಿಗ್ರಹ. ಅದನ್ನು ಒಂದು ದಿನದ ಮಟ್ಟಿಗೆ ಊರಿಗೆ ಕಳಿಸಿ ಎಂದು ಕೋಗಿಲಿನವರು ಹಿಂದೆಯೂ ಕೇಳಿದ್ದರು. ಆಗುವುದಿಲ್ಲ ಎಂದು ನೀನು ಬರೆದಿದ್ದೆ. ಬಿಸಿಲಿಗೆ ಮರ ಸೀಳು ಬಿಡುತ್ತದೆ, ಎಣ್ಣೆ ಅರಿಶಿನ ತಾಗಿದರೆ ಹಳೆಯ ಬಣ್ಣ ಏಳುತ್ತದೆ. ಕಾರಣಗಳು ಸರಿಯಾದವೇ. ಹುಳು ಹಿಡಿದಿದ್ದ ಅದರ ಪಾದವನ್ನು ನೀನು ಉಸಿರು ಬಿಗಿಹಿಡಿದು, ಸೂಜಿಯಿಂದ ಶುಚಿಮಾಡುತ್ತಿದ್ದುದನ್ನು ನಾನು ನೋಡಿದ್ದೇನೆ.

ನಾನು ಕೊಡುವ ತರಬೇತಿ ಈ ಸಲ ಯಲಹಂಕದಲ್ಲಿತ್ತು. ಬೇರೆ ಬೇರೆ ಊರುಗಳ ಸಂಗ್ರಹಾಲಯಗಳಲ್ಲಿ ಕೆಲಸ ಮಾಡುವವರು ಬಂದಿದ್ದರು. ಊರಿನವರನ್ನು ಜೊತೆಗೆ ಸೇರಿಸಿಕೊಳ್ಳುವುದು ಹೇಗೆ ಎಂಬ ನನ್ನ ಪಾಠ ನಿನಗೆ ಗೊತ್ತೇ ಇದೆ. ಮೊದಲು ಕೇಳಿಸಿಕೊಳ್ಳಿ, ನಿಮ್ಮ ಕೈಯಲ್ಲಿ ಇಲ್ಲದ್ದನ್ನು ಕೊಡುತ್ತೇವೆ ಎನ್ನಬೇಡಿ. ಇಷ್ಟನ್ನು ಹೇಳಿ, ಕೊನೆಯ ದಿನ ಅವರನ್ನು ಕೋಗಿಲಿಗೆ ಕರೆದುಕೊಂಡು ಹೋದೆ.

ಸಪ್ಪಲಮ್ಮನ ಹೊಸ ಗುಡಿಯ ಮುಂದೆ ನಮಗೆ ಕುರ್ಚಿ ಹಾಕಿಸಿದ್ದವರು ಮುನಿರಾಮಯ್ಯ. ರಸ್ತೆ ಅಗಲ ಮಾಡುವಾಗ ಹಳೆಯ ಗುಡಿ ಹೋಯಿತಲ್ಲ, ಆಗ ಮರದ ವಿಗ್ರಹವನ್ನು ನಿಮಗೆ ಒಪ್ಪಿಸಿ ಇಲ್ಲಿ ಕಲ್ಲಿನ ಮೂರ್ತಿ ನಿಲ್ಲಿಸಿದವರು. ಅವರ ದ್ರಾಕ್ಷಿ ತೋಟವಿದ್ದಲ್ಲಿ ಈಗ ಅಪಾರ್ಟ್‌ಮೆಂಟು ಎದ್ದಿದೆ. ನಾನು ಪಾಲುದಾರಿಕೆ ಎಂಬ ಪದ ಬಳಸಿದ್ದೇ ತಡ ಅವರು ಮುಂದಕ್ಕೆ ಬಾಗಿ, "ಎಷ್ಟಕ್ಕೆ ಸಾರ್? ನಮ್ ಬಿಲ್ಡರ್ ಹತ್ರ ಫಿಫ್ಟಿ ಫಿಫ್ಟಿ ಮಾಡ್ಕೊಂಡಿದೀವಿ. ನಿಮ್ ಮ್ಯೂಸಿಯಂದೆಷ್ಟು?" ಎಂದರು. ಎಲ್ಲರೂ ನಕ್ಕರು. ಆ ಪದಕ್ಕೆ ಈ ಕಡೆ ಬೇರೆ ಅರ್ಥವಿದೆ ಎಂದು ಇಲ್ಲಿಯೇ ಬೆಳೆದ ನನಗೆ ಇಷ್ಟು ವರ್ಷ ಹೊಳೆದಿರಲಿಲ್ಲ.

ಆಮೇಲೆ ಅವರ ಅತ್ತಿಗೆ ಮುನಿಯಲ್ಲಮ್ಮ ಮಾತಾಡಿದರು. ವಿಗ್ರಹ ಊರಿನಲ್ಲಿದ್ದಾಗ, ಯುಗಾದಿಗೆ ಮೊದಲಿನ ಮಂಗಳವಾರ, ಅದನ್ನು ಸೊಂಟದ ಮೇಲೆ ಕೂರಿಸಿಕೊಂಡು ಮನೆಮನೆಗೆ ಹೋಗುತ್ತಿದ್ದವರು ಅವರು. "ಇವ್ರಿಗೆಲ್ಲ ಏನಪ್ಪ ಏಳ್ಕೊಡ್ತೀಯ ನೀನು?" ಎಂದು ಕೇಳಿದರು. ಊರಿನವರ ಜೊತೆ ಹೇಗೆ ಮಾತಾಡಬೇಕು ಎನ್ನುವುದನ್ನು ಎಂದೆ. "ಅದ್ಕೂ ಸಂಬ್ಳ ಕೊಡ್ತಾರಾ?" ಎಂದರು.

ಅವರು ನಿಮ್ಮಲ್ಲಿಗೆ ಬಂದು ವಿಗ್ರಹ ನೋಡಿಹೋಗಿದ್ದಾರಂತೆ. "ಚೆನ್ನಾಗ್ ಮಡಗವ್ರೆ, ಇಲ್ಲ ಅನ್ನಾಕಿಲ್ಲ. ಆದ್ರೆ ಯಾರೂ ಎತ್ಕಣಾಕಿಲ್ವಲ್ಲ. ಒಂದೇ ಸಮ ನಿಂತೇ ಅವ್ಳೆ," ಎಂದರು. ಈಗ ಅವರ ಸೊಂಟದಲ್ಲಿ ಬಲವಿಲ್ಲ, ಎದೆಯ ತೊಂದರೆ ಬೇರೆ. ಹಿಂದೆ ಅತ್ತೆ ತಮ್ಮ ಮಡಿಲಿಗೆ ಹಾಕಿದಂತೆ ಅವರು ಆ ವಿಗ್ರಹವನ್ನು ಸೊಸೆ ಕಲಾವತಿಯ ಮಡಿಲಿಗೆ ಹಾಕಬೇಕು. ಅಲ್ಲಿಂದ ಅದನ್ನು ಹೊರುವ ಹಕ್ಕು ಅವಳದು. ಕಲ್ಲಿನ ಮೂರ್ತಿಯನ್ನು ಯಾರ ಮಡಿಲಿಗೂ ಹಾಕಲಾಗದು. ಇದನ್ನು ಮುಂದಿನ ವರ್ಷಕ್ಕೆ ಬಿಡಲು ಮುನಿಯಲ್ಲಮ್ಮನಿಗೆ ಧೈರ್ಯವಿಲ್ಲ. ಕಲಾವತಿ ಬ್ಯಾಂಕಿನಲ್ಲಿ ಕೆಲಸ ಮಾಡುವವಳು. "ನಂಗೇನ್ ಅಷ್ಟೊಂದ್ ಭಕ್ತಿ ಇಲ್ಲ ಸಾರ್. ಅತ್ತೆ ಕೊಡ್ಬೇಕು ಅಂತಿದಾರೆ, ನಾನ್ ಇಸ್ಕೋಬೇಕು. ಅಷ್ಟೆ," ಎಂದಳು.

ನಾನು ತರಬೇತಿ ಕೊಡುವವನು ಮಾತ್ರ, ತೀರ್ಮಾನ ಸಂಗ್ರಹಾಲಯದ್ದು ಎಂದು ಹೇಳಿದೆ. ಅವರವರೊಳಗೆ ಏನೋ ಮಾತಾಯಿತು, ನನ್ನನ್ನೂ ಏನೋ ಕೇಳಿದರು. ಸ್ವಲ್ಪ ಹೊತ್ತಿಗೆ ಕಲಾವತಿ ತಟ್ಟೆ ತಂದಳು. ವೀಳ್ಯದೆಲೆ, ಅಡಿಕೆ, ಬಾಳೆಹಣ್ಣು. ಮುನಿಯಲ್ಲಮ್ಮ ಅದನ್ನು ಎರಡೂ ಕೈಯಲ್ಲಿ ಹಿಡಿದು ನನ್ನ ಮುಂದೆ ಚಾಚಿದರು. ತೆಗೆದುಕೊಂಡೆ. ತರಬೇತಿಯವರು ಚಪ್ಪಾಳೆ ತಟ್ಟಿದರು. ವ್ಯಾನಿನಲ್ಲಿ ವಾಪಸು ಬರುವಾಗ ಕಲಬುರಗಿಯಿಂದ ಬಂದಿದ್ದ ಮುಸರ್ರತ್ ಎಂಬಾಕೆ ಪಕ್ಕದಲ್ಲಿ ಕೂತು, "ಸರ್, ಅದು ಬರೇ ಮರ್ಯಾದಿಗೇನ್ರಿ? ನಮ್ಮ ಕಡೆ ಹಂಗ ಪಾನ್ ತಗೊಂಡ್ರ ಮದುವಿ ಮಾತು ಪಕ್ಕಾ ಆದಂಗ," ಎಂದಳು. ಮರ್ಯಾದೆಗೆ ಅಷ್ಟೆ ಎಂದು ಹೇಳಿ ನಾನು ಕಿಟಕಿಯ ಕಡೆ ತಿರುಗಿಕೊಂಡೆ.

ವೀಳ್ಯ ಹಿಡಿದರೆ ಒಪ್ಪಿದ ಹಾಗೆ ಎಂಬುದು ತಿಳಿದಿರಲಿಲ್ಲ ಎಂದರೆ ನೀನು ನಂಬುವುದಿಲ್ಲ, ಹಾಗೆ ನಾನು ಹೇಳುವುದೂ ಇಲ್ಲ. ಆ ಕೈಗಳು ನಡುಗುತ್ತಿದ್ದವು. ಹಿಡಿಯದಿದ್ದರೆ ತಟ್ಟೆ ಬಿದ್ದೀತು ಎಂದುಕೊಂಡೆ. ಇದು ಕಾರಣವೋ ನೆಪವೋ ಬರೆಯುತ್ತಿರುವಾಗಲೂ ಸ್ಪಷ್ಟವಿಲ್ಲ. ಅಂದೇ ಸಂಜೆ ಕಲಾವತಿ ಫೋನ್ ಮಾಡಿ, ಇಪ್ಪತ್ತೈದರ ಮಂಗಳವಾರ ಕಾರು ಎಷ್ಟು ಹೊತ್ತಿಗೆ ಕಳಿಸಬೇಕು ಎಂದು ಕೇಳಿದಳು. ಬೇರೆ ಊರುಗಳಿಗೆ ಕೊಟ್ಟ ಹೆಣ್ಣುಮಕ್ಕಳಿಗೆಲ್ಲ ಹೇಳಿಕಳಿಸಿ ಆಗಿದೆಯಂತೆ.

ನಿನ್ನೆ ಮತ್ತೆ ಹೋಗಿ ನಿನ್ನ ಪರವಾಗಿ ಜಗಳವಾಡಿ ಬಂದೆ. ಈ ಸಲ ಮನೆಮನೆಗೆ ಹೋಗುವುದಿಲ್ಲ, ಗುಡಿಯ ನೆರಳಿನಲ್ಲೇ ಎಲ್ಲ. ದೀಪ ದೂರ. ಅರಿಶಿನ ಬೇಡ ಎಂದಿದ್ದಕ್ಕೆ, ಸಪ್ಪಲಮ್ಮನನ್ನು ಮನೆಮಗಳೆಂದೇ ತಿಳಿದ ಮುನಿಯಲ್ಲಮ್ಮ, "ಅರಿಶ್ಣ ಇಲ್ದೆ ಎಣ್ಮಗ್ಳನ್ನ ಕಳ್ಸಾದಾ? ನಿಮ್ಮನೇಲಿ ಅಂಗೇನಾ?" ಎಂದು ರೇಗಿದರು. ಕೊನೆಗೆ ವಿಗ್ರಹಕ್ಕೆ ತಾಗಿಸದೆ ಮುಂದಿನ ಬಟ್ಟಲಿನಲ್ಲಿ ಇಡಲು ಒಪ್ಪಿದರು, ಸಂತೋಷದಿಂದಲ್ಲ. ಪೆಟ್ಟಿಗೆಯನ್ನು ನೀನೇ ತರಬೇಕು, ನೀನೇ ಎತ್ತಿ ಅವರ ಕೈಗೆ ಕೊಡಬೇಕು. ಆ ಪಾದ ಎಲ್ಲಿ ಟೊಳ್ಳಾಗಿದೆ ಎಂದು ಬೇರೆ ಯಾರಿಗೂ ಗೊತ್ತಿಲ್ಲ.

ಆಗುವುದಿಲ್ಲ ಎಂದರೆ ಅದನ್ನೂ ಒಪ್ಪುತ್ತೇನೆ. ಎಲೆಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಫ್ರಿಜ್ಜಿನಲ್ಲಿ ಇಟ್ಟಿದ್ದೇನೆ. ನಾನೇ ಹೋಗಿ ಹಿಂದಕ್ಕೆ ಕೊಟ್ಟು, ತಪ್ಪು ನಿನ್ನದಲ್ಲ ಎಂದು ಹೇಳಿ ಬರುತ್ತೇನೆ. ಅವರು ಏನಾದರೂ ಅನ್ನಲಿ. ಆದರೆ ಮುನಿಯಲ್ಲಮ್ಮ ಏನೂ ಅನ್ನದೆ ಒಳಗೆ ಹೋಗಿಬಿಟ್ಟರೆ ಏನು ಮಾಡಬೇಕೆಂದು ನನ್ನ ಪಾಠದಲ್ಲಿ ಎಲ್ಲಿಯೂ ಇಲ್ಲ.

ಜಾಲಹಳ್ಳಿಯ ನಿನ್ನ ಮನೆಯಲ್ಲಿ ನೀರಿನ ತೊಂದರೆ ಈ ಬೇಸಿಗೆಗೆ ಕಡಿಮೆಯಾಗಿದೆ ಎಂದುಕೊಂಡಿದ್ದೇನೆ.

ಶಿವರಾಮ್

ಮೇಲೆ ಬರೆಯದೆ ಬಿಟ್ಟದ್ದು: ಅವರು ನನ್ನನ್ನು ಏನೋ ಕೇಳಿದರು ಎಂದೆನಲ್ಲ. ಮಾತಿನ ನಡುವೆ ನಾನು ಮೇಡಂ ಎನ್ನದೆ, ಸರಳಾ ಒಪ್ಪಬೇಕು ಎಂದುಬಿಟ್ಟಿದ್ದೆ. ಮುನಿರಾಮಯ್ಯ, "ಕೊಡೋದಾದ್ರೆ ಮೇಡಂಗೆ ಕೊಡ್ಬೇಕು ವೀಳ್ಯಾನ, ಇವ್ರಿಗ್ಯಾಕೆ?" ಎನ್ನುತ್ತಿದ್ದರು. ಮುನಿಯಲ್ಲಮ್ಮ ಅವರನ್ನು ಸುಮ್ಮನಿರಿಸಿ ನನ್ನ ಕಡೆ ತಿರುಗಿ, "ಆ ಯಮ್ಮ ನಿಂಗೇನಾಗ್ಬೇಕಪ್ಪ?" ಎಂದರು. ನಮ್ಮ ಮನೆಯವರು ಎಂದೆ. "ಅಂಗನ್ನು ಮತ್ತೆ," ಎಂದು ತಟ್ಟೆ ತರಿಸಿದರು. ನೀನು ಬಂದರೆ ಅವರು ನಮ್ಮಿಬ್ಬರನ್ನೂ ಒಂದೇ ಚಾಪೆಯ ಮೇಲೆ ಕೂರಿಸುತ್ತಾರೆ. ನಾವು ಬೇರೆಯಾಗಿರುವುದು ಅವರಿಗೆ ತಿಳಿಯದು, ನಾನು ಹೇಳಲೂ ಇಲ್ಲ. ಅಂದು ನಾನು ಅಂದದ್ದು ಸುಳ್ಳೇ, ಸರಳಾ?