ಶಾಂತಿಗೆ ಸಿಕ್ಕ ಮೂರು ನಿಮಿಷ

ತಳಿ,
14-9-2006, ಗುರುವಾರ

ಚಿರಂಜೀವಿ ತಮ್ಮ ವೆಂಕಟಸ್ವಾಮಿಗೆ,

ನಿನ್ನ ಅಕ್ಕ ಶ್ಯಾಮಲಾ ಮಾಡುವ ಆಶೀರ್ವಾದಗಳು. ಇಲ್ಲಿ ನಾವೆಲ್ಲ ಚೆನ್ನಾಗಿದ್ದೇವೆ. ನೀನೂ ಚಿಕ್ಕತಾಯಮ್ಮನೂ ಚೆನ್ನಾಗಿದ್ದೀರಿ ಎಂದುಕೊಂಡಿದ್ದೇನೆ. ಇಲ್ಲದಿದ್ದರೆ ಇಷ್ಟು ಹೊತ್ತಿಗೆ ಸುದ್ದಿ ಬರುತ್ತಿತ್ತು, ಒಂದು ಸೀನು ಬಂದರೂ ಅಕ್ಕನಿಗೆ ಹೇಳಿ ಕಳಿಸುವವನು ನೀನು. ಯುಗಾದಿ ಮುಗಿದ ಮೇಲೆ ನೀನು ಬರೆದ ಕಾಗದಕ್ಕೆ ಗಣೇಶನ ಹಬ್ಬ ಕಳೆದ ಮೇಲೆ ಉತ್ತರ ಬರೆಯುತ್ತಿದ್ದೇನೆ. ಕೋಪ ಮಾಡಿಕೊಳ್ಳಬೇಡ. ಬೈಯಲೇಬೇಕು ಅನ್ನಿಸಿದರೆ ಇಲ್ಲಿಗೆ ಬಂದು ಎದುರಿಗೆ ಬೈದು, ಮುದ್ದೆ ಉಂಡುಕೊಂಡು ಹೋಗು. ನಿಮ್ಮ ಮಗ ರಾಜೇಶನ ಹೆಂಡತಿಗೆ ಐದು ತಿಂಗಳಂತೆ, ಆನೇಕಲ್ ಬಸ್ಸಿನಲ್ಲಿ ಸಿಕ್ಕವರು ಹೇಳಿದರು. ಕೇಳಿ ಮನಸ್ಸಿಗೆ ತಂಪಾಯಿತು. ಆ ಹುಡುಗಿಯ ಕೈಲಿ ಭಾರ ಹೊರಿಸಬೇಡಿ. ನಮ್ಮ ಹೊಲದ ಬೀನ್ಸು, ಕ್ಯಾರೆಟ್ಟು ಯಾರಾದರೂ ಆ ಕಡೆ ಬರುವವರ ಹತ್ತಿರ ಕಳಿಸುತ್ತೇನೆ.

ತಡವಾದದ್ದಕ್ಕೆ ಕಾರಣ ಕೇಳು. ನಮ್ಮ ಮನೆ ಈಗ ಮನೆಯಾಗಿ ಉಳಿದಿಲ್ಲ, ವಿಧಾನಸಭೆಯಾಗಿದೆ. ಮುಂದಿನ ಮಂಗಳವಾರ ಬಿಟ್ಟು ಅದರ ಮುಂದಿನ ಮಂಗಳವಾರ, ಅಂದರೆ ಇಪ್ಪತ್ತಾರಕ್ಕೆ, ಮದ್ರಾಸಿನಿಂದ ಎಮ್ಮೆಲ್ಲೆಗಳ ಸಮಿತಿಯೊಂದು ಕೃಷ್ಣಗಿರಿಗೆ ಬರುತ್ತದೆ. ಜನರ ಅಹವಾಲು ಕೇಳುತ್ತಾರಂತೆ. ನಮ್ಮೂರಿನ ನೀರಿನ ವಿಷಯಕ್ಕೆ ಮೂರು ನಿಮಿಷ ಕೊಟ್ಟಿದ್ದಾರೆ. ಆ ಮೂರು ನಿಮಿಷ ಮಾತಾಡಬೇಕಾದವಳು ನನ್ನ ಮಗಳು, ನಿನ್ನ ಸೊಸೆ ಶಾಂತಿ.

ನೀರಿನ ಕಥೆ ನಿನಗೆ ಗೊತ್ತಿರುವುದೇ. ಅವಳು ಹುಟ್ಟುವ ಮುಂಚೆ ನಮ್ಮ ಸೇದೋ ಬಾವಿ ಬತ್ತಿತು, ಸರ್ಕಾರದವರು ಬೋರ್‌ವೆಲ್ ಕೊರೆದರು. ನೀರು ಚಿಮ್ಮಿದ ದಿನ ಪೈಪಿಗೆ ಅರಿಶಿನ ಕುಂಕುಮ ಹಚ್ಚಿ, ಹಾರ ಹಾಕಿ, ಊರಿಗೆಲ್ಲ ಪಾನಕ ಹಂಚಿದೆವು. ಆ ನೀರು ಕುಡಿದು ಬೆಳೆದ ಮಕ್ಕಳ ಹಲ್ಲೆಲ್ಲ ಕಂದು ಕರೆ. ನಿನ್ನ ಭಾವನ ವಯಸ್ಸಿನವರಿಗೆ ಮಂಡಿ ಮಡಿಸಲು ಆಗುವುದಿಲ್ಲ, ಕತ್ತು ಹೊರಳುವುದಿಲ್ಲ. ಹೊಸೂರಿನಿಂದ ಸಹನಾ ಎಂಬ ಹುಡುಗಿ ಬರುತ್ತಾಳೆ, ಒಂದು ಸೇವಾ ಸಂಘದವಳು. ಅವಳ ಅಪ್ಪ ಮಂಡ್ಯದ ಕಡೆಯಿಂದ ಫ್ಯಾಕ್ಟರಿ ಕೆಲಸಕ್ಕೆ ಬಂದು ಇಲ್ಲೇ ನೆಲೆ ನಿಂತವರು. ಅವಳೇ ನೀರು ಪರೀಕ್ಷೆ ಮಾಡಿಸಿ, ಫ್ಲೋರೈಡ್ ಜಾಸ್ತಿ ಇದೆ ಎಂದು ತೋರಿಸಿದಳು. ಇದು ರಕ್ತದಲ್ಲಿ ಬರುವುದಲ್ಲ, ತಾಯಿಯಿಂದ ಮಗುವಿಗೆ ಅಂಟುವುದೂ ಅಲ್ಲ, ಬರೀ ನೀರಿನದು ಎಂದು ಮನೆಮನೆಗೆ ಹೋಗಿ ಹೇಳಿದಳು. ಈಗ ನಾವು ಕೇಳುವುದು ಇಷ್ಟೇ: ಪರೀಕ್ಷೆ ಮಾಡದೆ ಯಾವ ಬೋರ್‌ವೆಲ್ ನೀರನ್ನೂ ಊರಿಗೆ ಬಿಡಬಾರದು ಎಂದು ಕಾನೂನಾಗಬೇಕು, ಕೆಟ್ಟ ನೀರಿನ ಊರುಗಳಲ್ಲಿ ಮೊದಲು ಅಂಗನವಾಡಿಗೂ ಶಾಲೆಗೂ ಒಳ್ಳೆಯ ನೀರು ಬರಬೇಕು.

ಇಷ್ಟನ್ನು ಹೇಳಲು ಏನು ಕಷ್ಟ ಎನ್ನುತ್ತೀಯ. ಬಂದು ನೋಡಬೇಕಿತ್ತು ನೀನು ನಮ್ಮ ಅಭ್ಯಾಸವನ್ನು! ನಮ್ಮ ಪಕ್ಕದ ಮನೆಯ ಪಾಪಣ್ಣನದು ಎಮ್ಮೆಲ್ಲೆ ವೇಷ. ಹೆಗಲಿಗೆ ಟವಲ್ ಹಾಕಿ ನಮ್ಮ ಮಂಚದ ಮೇಲೆ ಕಾಲ ಮೇಲೆ ಕಾಲು ಹಾಕಿ ಕೂತ. ಎದುರಿನವರು ಬಾಯಿ ತೆಗೆದರೆ ಸಾಕು, ಕಿವಿಗೆ ಕೈ ಹಿಡಿದು ಇಲ್ಲದ ಫೋನಿನಲ್ಲಿ "ಹಲೋ, ಸೊಲ್ಲುಂಗ, ಹೇಳಿ ಹೇಳಿ" ಎನ್ನುತ್ತಾನೆ. ಮೊದಲು ಬೈರಮ್ಮನನ್ನು ನಿಲ್ಲಿಸಿದರು. ಅವಳು ಕೈಮುಗಿದು, "ನೀವೇ ನಮ್ ದ್ಯಾವ್ರು ಸ್ವಾಮಿ, ನಂಗೆ ಮುದುಕ್ರ ಪಿಂಚಣಿ ಬರಾಕಿಲ್ಲ" ಎಂದು ಶುರು ಮಾಡಿದಳು. ಸಹನಾ ಹಣೆ ಚಚ್ಚಿಕೊಂಡು, "ಅಜ್ಜಿ, ನೀರು! ನೀರಿನ್ ವಿಷ್ಯ!" ಎಂದರೆ, "ಆಯ್ತು ತಾಯಿ, ಅದ್ನೂ ಕೇಳ್ತೀನಿ ಇರು, ಮೊದ್ಲು ಇದು ಆಗ್ಲಿ" ಎನ್ನುತ್ತಾಳೆ. ಪಾಪಣ್ಣನೋ ಧಾರಾಳಿ. "ಮಾಡೋಣ, ಪಿಂಚಣಿನೂ ಮಾಡೋಣ, ರೋಡೂ ಮಾಡೋಣ" ಎಂದು ಕೂತಲ್ಲಿಂದಲೇ ಎಲ್ಲ ಕೊಟ್ಟುಬಿಟ್ಟ. ಬೈರಮ್ಮ ಅವನ ಕೆನ್ನೆ ಸವರಿ ನಟಿಕೆ ಮುರಿದಳು. ನಾವೆಲ್ಲ ಬಿದ್ದು ಬಿದ್ದು ನಕ್ಕೆವು.

ಶಾಂತಿಯೂ ನಕ್ಕಳು, ಆದರೆ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು. ಅವಳು ನಗುವುದೇ ಹಾಗೆ, ನೀನು ನೋಡಿದ್ದೀಯ. ಹೊಸೂರಿನ ಫ್ಯಾಕ್ಟರಿಯಲ್ಲಿ ಜೊತೆಯ ಹುಡುಗಿಯರು ಹಲ್ಲುಜ್ಜುವುದಿಲ್ಲವಾ ಎಂದು ಕೇಳಿದ ಮೇಲೆ ಮಾತಾಡುವಾಗಲೂ ಕೈ ಅಡ್ಡ ಬರತೊಡಗಿತು. ಅಂಥವಳನ್ನೇ ಸಹನಾ ಆರಿಸಿದ್ದಾಳೆ. ಇವಳಿಗೆ ತಮಿಳು ಚೆನ್ನಾಗಿ ಬರುತ್ತದೆ ಅನ್ನುವುದು ಒಂದು ಕಾರಣ. ಇನ್ನೊಂದನ್ನು ಅವಳ ಮುಖಕ್ಕೇ ಹೇಳಿದಳು: "ಶಾಂತಿ, ಅವ್ರು ನಿಮ್ ಹಲ್ಲು ನೋಡ್ಬೇಕು. ಕೈ ಕೆಳಗಿರ್ಲಿ." ನನಗೆ ಆ ಹುಡುಗಿಯ ಮೇಲೆ ಒಂದು ಗಳಿಗೆ ಸಿಟ್ಟು ಬಂತು. ಹೆತ್ತವಳಿಗೆ ಬರುವುದಿಲ್ಲವೇ? ಆದರೆ ಶಾಂತಿ ಆಗಲಿ ಎಂದಳು.

ನೀರಿನ ವಿವರ, ಊರಿನ ವಿವರ, ಬೇಡಿಕೆ, ಎಲ್ಲ ಅರಳು ಹುರಿದಂತೆ ಹೇಳುತ್ತಾಳೆ. ಮೊದಲು ಕನ್ನಡದಲ್ಲಿ ಹೊಟ್ಟೆಯೊಳಗಿಂದ ಬರಲಿ, ಆಮೇಲೆ ತಮಿಳಿಗೆ ತಿರುಗಿಸೋಣ ಎಂದು ಸಹನಾ ಹೇಳಿಕೊಟ್ಟಿದ್ದಾಳೆ. ಒಂದೇ ಕಡೆ ಎಡವುತ್ತಾಳೆ. ಪಾಪಣ್ಣ ಕೊನೆಗೆ, "ಅದೆಲ್ಲ ಸರಿ ಕಣಮ್ಮ, ಈ ನೀರಿಂದ ನಿಂಗೇನ್ ಲುಕ್ಸಾನಾಯ್ತು?" ಎಂದು ಕೇಳುತ್ತಾನೆ. ಎಮ್ಮೆಲ್ಲೆಗಳು ಖಂಡಿತ ಕೇಳುತ್ತಾರಂತೆ. ಅಲ್ಲಿಗೆ ಇವಳ ಕೈ ಬಾಯಿಗೆ ಹೋಗುತ್ತದೆ. "ಹಲ್ಲು ಕರೆ ಆಗವೆ" ಎಂದಷ್ಟೇ ಹೇಳಿ ತಲೆ ತಗ್ಗಿಸಿಬಿಡುತ್ತಾಳೆ.

"ಅದು ಅವರ ಕಣ್ಣಿಗೇ ಕಾಣ್ಸುತ್ತೆ. ನಿಮ್ಗೆ ಏನ್ ಹೋಯ್ತು, ಅದನ್ನ ಹೇಳಿ. ಅದೊಂದ್ ಮಾತಿಲ್ದಿದ್ರೆ ಮಿಕ್ಕಿದ್ದೆಲ್ಲ ಅವ್ರು ಮರ್ತುಬಿಡ್ತಾರೆ" ಎಂದು ಸಹನಾ ಹೇಳಿದಳು. ಎಷ್ಟು ಸಲ ಮಾಡಿಸಿದರೂ ಆಗಲಿಲ್ಲ. ಇವಳ ಕೈಲಾಗದಿದ್ದರೆ ಪಾಪಣ್ಣನೇ ಮಾತಾಡಬೇಕು. ಅವನ ಬಾಯಿಗೆ ಮೂರು ನಿಮಿಷ ಕೊಟ್ಟರೆ ಕಳ್ಳೇಕಾಯಿ ರೇಟಿಗೆ ಹೋಗಿ ನಿಲ್ಲುತ್ತದೆ. ನನಗೆ ಹೆದರಿಕೆಯಾಗಿದೆ ಕಣೋ ವೆಂಕಟ. ನಮ್ಮ ಅಂಗನವಾಡಿಯ ಚಿಳ್ಳೆಗಳು ಇವತ್ತಿಗೂ ಅದೇ ನೀರು ಕುಡಿಯುತ್ತಿವೆ.

ಆದ್ದರಿಂದ ನಿನ್ನನ್ನು ಒಂದು ಮಾತು ಕೇಳುತ್ತೇನೆ. ಇಪ್ಪತ್ತಾರಕ್ಕೆ ಕೆಲಸ ಬಿಟ್ಟು ಕೃಷ್ಣಗಿರಿಗೆ ಬಾ. ಮುಂದಿನ ಸಾಲಿನಲ್ಲಿ ಕೂತುಕೋ. ಅವಳು ಮೊದಲ ಹೆಜ್ಜೆ ಇಟ್ಟಿದ್ದೇ ನಿನ್ನ ಬೆರಳು ಹಿಡಿದು. ಮಾವ ಇದ್ದಾನೆ ಅಂದರೆ ಧೈರ್ಯ ಬಂದೀತು.

ಚಿಕ್ಕತಾಯಮ್ಮನಿಗೆ ನನ್ನ ಆಶೀರ್ವಾದ ಹೇಳು. ರಾಜೇಶನೂ ಅವನ ಹೆಂಡತಿಯೂ ಸುಖವಾಗಿರಲಿ, ಹುಟ್ಟುವ ಕಂದನಿಗೆ ಈ ಅಜ್ಜಿಯ ಆಯಸ್ಸೂ ಸೇರಲಿ. ನೀನು ಹೊತ್ತಿಗೆ ಸರಿಯಾಗಿ ಉಣ್ಣು, ಬೀಡಿ ಕಡಿಮೆ ಮಾಡು. ನನಗೆ ಗೊತ್ತಾಗುವುದಿಲ್ಲ ಎಂದುಕೊಳ್ಳಬೇಡ.

ನಿನ್ನ ಒಳಿತನ್ನೇ ಬಯಸುವ
ಅಕ್ಕ ಶ್ಯಾಮಲಾ

ತಾ.ಕ.: ಇದನ್ನು ನಿನ್ನೆ ಬರೆದು ಇಟ್ಟಿದ್ದೆ. ಇವತ್ತು ಬೆಳಗ್ಗೆ ಬೀನ್ಸ್ ಬಿಡಿಸುವಾಗ ಪಾಪಣ್ಣ ಬೇಲಿಯಾಚೆಯಿಂದ ತಮಾಷೆಗೆ ಮತ್ತೆ ಅದೇ ಕೇಳಿದ, "ಏನಮ್ಮ, ನಿಂಗೇನ್ ಲುಕ್ಸಾನಾಯ್ತು?" ಶಾಂತಿ ಎದ್ದು ನಿಂತಳು. ಕೈ ಕೆಳಗೇ ಇತ್ತು. "ನಮ್ ಸೋದರಮಾವನ್ ಮನೆ ಹೋಯ್ತು ಸ್ವಾಮಿ. ತೊಟ್ಲಾಗಿದ್ದಾಗ್ಲೇ ಆ ಮನೆ ಸೊಸೆ ಅಂದಿದ್ರು. ಹಲ್ ನೋಡ್ಬುಟ್ಟು ಬ್ಯಾಡ ಅಂದ್ರು" ಎಂದಳು. ಪಾಪಣ್ಣ ಟವಲಿನಿಂದ ಮುಖ ಒರೆಸಿಕೊಂಡು ಹೊರಟುಹೋದ.

ಅವತ್ತು ರಾಜೇಶನಿಗೂ ಇವಳಿಗೂ ಜಾತಕ ಕೂಡಲಿಲ್ಲ ಎಂದು ನೀನು ಹೇಳಿ ಕಳಿಸಿದೆ. ನಮ್ಮ ಎರಡು ಮನೆಯಲ್ಲಿ ಯಾರು ಯಾವತ್ತು ಜಾತಕ ನೋಡಿದ್ದರು, ವೆಂಕಟ? ನನ್ನ ಮದುವೆಯೂ ನಿನ್ನ ಮದುವೆಯೂ ದೇವರ ಹತ್ತಿರ ಹೂ ಕೇಳಿ ಆದವು. ನಾನು ನಂಬಿದ ಹಾಗೆ ಇದ್ದುಬಿಟ್ಟೆ, ರಾಜೇಶನ ಮದುವೆಗೆ ಬಂದು ಬಡಿಸಿದೆ. ನನಗೆ ತವರು ಅಂತ ಇರುವುದು ನೀನೊಬ್ಬನೇ. ಆದರೆ "ಹುಟ್ಟೋ ಮಕ್ಳಿಗೂ ಅಂಥಾ ಹಲ್ಲೇ ಬಂದ್ರೆ ಏನ್ ಮಾಡೋದು" ಎಂದು ಚಿಕ್ಕತಾಯಮ್ಮ ಅಂದಾಗ, ನೀನು ಸುಮ್ಮನೆ ಕೂತಿದ್ದಾಗ, ಇವಳು ನಿಮ್ಮ ಅಡುಗೆಮನೆಯಲ್ಲಿ ನಿನಗೇ ಕಾಫಿ ಸೋಸುತ್ತಿದ್ದಳಂತೆ. ನನಗೆ ಹೇಳಿದ್ದು ಇವತ್ತು.

ಮಾವನ ಹೆಸರು ಹೇಳಬೇಡ ಮಗಳೇ ಎಂದೆ. "ಹೆಸ್ರು ಯಾಕಮ್ಮ ಹೇಳ್ಲಿ, ಮಾವ ಒಳ್ಳೇವ್ನು" ಎಂದಳು.

ಕೃಷ್ಣಗಿರಿಗೆ ಬಾ. ಮುಂದಿನ ಸಾಲು ಮಾತ್ರ ಬೇಡಪ್ಪ, ಹಿಂದೆ ಎಲ್ಲಾದರೂ ಜನರ ಮರೆಯಲ್ಲಿ ಕೂತುಕೋ. ನಿನ್ನ ಮುಖ ಕಂಡರೆ ಅವಳು ಆ ಮಾತನ್ನು ನುಂಗಿಬಿಡುತ್ತಾಳೆ.