ಫ್ರಿಜ್ ಹೇಳಿದ ಚಾಡಿ

ಮಾರ್ಚ್ ೧೪, ಗುರುವಾರ.

ಅಡುಗೆ ಕೆಲಸಕ್ಕೆ ಸೇರುವಾಗ ಆ ಮನೆಯ ಯಜಮಾನಿ ಅಕ್ಕನಿಗೆ ಕೊಟ್ಟ ಮಾತು: ವಾರಕ್ಕೊಂದು ರಜೆ, ಮಧ್ಯಾಹ್ನ ಅರ್ಧ ಗಂಟೆ ವಿಶ್ರಾಂತಿ, ಅವಳ ಇನ್ಸುಲಿನ್ ಇಡಲು ಫ್ರಿಜ್‌ನಲ್ಲಿ ಜಾಗ. ರಜೆ ಕೊಡಲಿಲ್ಲ. ವಿಶ್ರಾಂತಿಯನ್ನೂ ಕೊಡಲಿಲ್ಲ. ಇವತ್ತು ಆ ಜಾಗವನ್ನೂ ಕಿತ್ತುಕೊಂಡರು.

ಆ ಮನೆಗೆ ಇಂಟರ್‌ನೆಟ್ ಇರುವ ಹೊಸ ಫ್ರಿಜ್ ಬಂದಿದೆ. ಬಾಗಿಲು ತೆಗೆದಾಗಲೆಲ್ಲ ಆಫೀಸಿನಲ್ಲಿ ಕೂತ ಯಜಮಾನಿಯ ಫೋನಿಗೆ ಸುದ್ದಿ ಹೋಗುತ್ತದೆ.

"ಮೂರು ಸಲ ಬಾಗಿಲು ತೆಗೆದಿದ್ದೀಯಲ್ಲ, ಏನು ತಿಂದೆ?" ಎಂದು ಫೋನ್ ಮಾಡಿ ಕೇಳಿದರಂತೆ.

"ಏನೂ ಇಲ್ಲ ಮೇಡಂ. ಹೊಸ ಫ್ರಿಜ್ ಅಲ್ವಾ, ನನ್ನ ಔಷಧಿ ತಣ್ಣಗಿದೆಯಾ ಅಂತ ಮುಟ್ಟಿ ನೋಡ್ದೆ."

"ನಾಳೆಯಿಂದ ಅದನ್ನ ನಿಮ್ಮನೇಲೇ ಇಟ್ಕೋ."

ನಮ್ಮನೆಯಲ್ಲಿ ಫ್ರಿಜ್ಜೇ ಇಲ್ಲ. ಒದ್ದೆ ಬಟ್ಟೆ ಸುತ್ತಿದ ಮಡಕೆಯೊಳಗೆ ಔಷಧಿ ಇಡುತ್ತಾ ಅಕ್ಕ ನಕ್ಕಳು: "ಅತ್ತೆ ಕಾಟ ಮುಗೀತು ಅಂದ್ಕೊಂಡಿದ್ದೆ ಕಣೇ, ಈಗ ಫ್ರಿಜ್ಜೇ ಅತ್ತೆ!" ನನಗೆ ನಗು ಬರಲಿಲ್ಲ.

ತಂಪು ಮಾಡಲು ಕರೆಂಟು ಸಾಕು. ಹಾಲು ಕೆಟ್ಟಿದ್ದು ಮೂಗಿಗೇ ಗೊತ್ತಾಗುತ್ತದೆ. ಮತ್ತೆ ಇಂಟರ್‌ನೆಟ್ ಯಾರಿಗೆ ಬೇಕಿತ್ತು? ಇದನ್ನು ಮಾಡಿದವರ ಕಣ್ಣು ತರಕಾರಿಯ ಮೇಲಿರಲಿಲ್ಲ, ಅಡುಗೆಯವಳ ಮೇಲೇ ಇತ್ತು ಎಂಬ ಅನುಮಾನ ಬಿಡುತ್ತಿಲ್ಲ. ಇನ್ನೆಷ್ಟು ಮನೆಗಳಲ್ಲಿ ಇಂಥ ಚಾಡಿಕೋರ ಪೆಟ್ಟಿಗೆಗಳಿವೆಯೋ, ನಮ್ಮ ಮನೆಗೆಲಸದವರ ಸಂಘದಲ್ಲಿ ಎಲ್ಲರನ್ನೂ ಕೇಳಬೇಕು. ಬಾಯಿ ಬಿಟ್ಟರೆ ಕೆಲಸ ಹೋದೀತೆಂದು ಅಕ್ಕನಿಗೆ ಭಯ. ಆದರೂ ರಜೆ ಕೇಳದೆಯೇ ಸಂಘದ ಸಭೆಗೆ ಬರುತ್ತಾಳಂತೆ. ಟೈಲರ್ ಅಂಗಡಿಯ ಮೇಲಿನ ಕೋಣೆ, ಭಾನುವಾರ, ಸಂಜೆ ಐದು ಗಂಟೆ.